ತಡವಾಗಿ ಬಂದ ನಗು

ಬಾಗಿಲಲ್ಲಿ ನಿಂತು ಟ್ರೆವರ್ ಏನೋ ಹೇಳಿದ. ಕನ್ನಡಿಯ ಮುಂದೆ ಕೂತು ಕೆನ್ನೆಗೆ ಕೆಂಪು ಬಳಿದುಕೊಳ್ಳುತ್ತಿದ್ದ ರೋಲಂಡ್ ಮಂಬಿಗೆ ಕೇಳಿಸಿದ್ದು ಮಾತಿನ ಬಾಲ ಮಾತ್ರ: ‘ನಾಯಿಗೂ ಬೇಡ’ ಅಂದನೋ, ‘ತಾಯಿಗೂ ಬೇಡ’ ಅಂದನೋ. ಪಕ್ಕದ ಕುರ್ಚಿಯಲ್ಲಿ ಗಡ್ಡ ಅಂಟಿಸಿಕೊಳ್ಳುತ್ತಿದ್ದ ರಾಜನ ಪಾತ್ರದ ಎಮ್ರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕನ್ನಡಿಯಲ್ಲಿ ಅವನ ಮುಖ ನೋಡಿ, ಇದು ನಗಬೇಕಾದ ಮಾತೇ ಎಂದು ಖಾತ್ರಿಯಾದ ಮೇಲೆ ರೋಲಂಡ್ ಕೂಡ ನಕ್ಕ. ತೊಡೆ ತಟ್ಟಿಕೊಂಡೇ ನಕ್ಕ. ಆದರೆ ಆ ಹೊತ್ತಿಗೆ ಎಮ್ರಿಸ್ ನಕ್ಕು ಮುಗಿಸಿ ಮತ್ತೆ ಗಡ್ಡಕ್ಕೆ ಅಂಟು ಹಚ್ಚುತ್ತಿದ್ದ. ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ ರೋಲಂಡನ ನಗು ಆ ಇಕ್ಕಟ್ಟಿನ ಕೋಣೆಯಲ್ಲಿ ಒಂಟಿಯಾಗಿ ನಿಂತಿತು. ಹಳದಿ ಕೂದಲಿನ ಟೋಪನ್ನು, ಬಟ್ಟಲಿನಷ್ಟಗಲದ ಎರಡು ಕೆಂಪು ಕೆನ್ನೆ, ಹತ್ತಿ ತುರುಕಿದ ಎದೆ. ಕನ್ನಡಿಯೊಳಗಿನ ಆ ಹೆಂಗಸಿನ ಮುಖದಲ್ಲಿ ಒಂದು ಗಳಿಗೆ ಅಪ್ಪನ ಕಣ್ಣು ಕಂಡವು: ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹಾರುವ, ನಗಲು ಅಪ್ಪಣೆಗಾಗಿ ಕಾಯುವ ಕಣ್ಣು. ರೋಲಂಡ್ ಕುಂಚವನ್ನು ಬಣ್ಣಕ್ಕೆ ಅದ್ದಿ, ಮೊದಲೇ ಕೆಂಪಾಗಿದ್ದ ಕೆನ್ನೆಯನ್ನು ಇನ್ನಷ್ಟು ಕೆಂಪು ಮಾಡಿಕೊಂಡ.

ಟ್ರೆವರ್ ಒಳಗೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ನಾಟಕದ ಕಂಪನಿ ಅವನದು, ನಿರ್ದೇಶನವೂ ಅವನದೇ. ಕನ್ನಡಿಯಲ್ಲಿ ಅವನ ತುಟಿಗಳು ಚೆನ್ನಾಗಿ ಕಾಣುತ್ತಿದ್ದುದರಿಂದ ಈಗ ಎಲ್ಲ ಸಲೀಸಾಗಿ ಅರ್ಥವಾಯಿತು.

“ರೋಲಂಡ್, ನನ್ನ ಚಿನ್ನ, ಇವತ್ತು ಮಧ್ಯಾಹ್ನದ ಆಟಕ್ಕೆ ಅರ್ಧ ಹಾಲೂ ತುಂಬಿಲ್ಲ. ಬಂದಿರೋರೆಲ್ಲ ಅಜ್ಜೀರು, ಅವರ ಮೊಮ್ಮಕ್ಕಳು. ಮೊಮ್ಮಕ್ಕಳಿಗೆ ನಿಮ್ಮ ಅಡುಗೆಯವಳು ಬೆಟ್ಟಿಯ ವೇಷ ಸಾಕು. ಅಜ್ಜೀರಿಗೆ ಟಪ್ಪರ್ ಬೇಕು.”

“ಟಪ್ಪರ್ ಸತ್ತು ಬಹಳ ವರ್ಷ ಆಯ್ತು.”

“ಪೋಸ್ಟರಿನ ಮೇಲೆ ಬದುಕಿದಾನಲ್ಲ! ನಿಮ್ಮ ಹೆಸರಿನ ಕೆಳಗೆ ನಾನು ಏನು ಹಾಕ್ಸಿದೀನಿ? ‘ಟಿವಿಯ ಮುದುಕ ಟಪ್ಪರ್.’ ಜನ ಅದಕ್ಕೇ ಬರೋದು. ಒಂದೇ ಒಂದು ಸಲ, ಆ ನಗು, ಆಮೇಲೆ ‘ಅದೂ ಸರಿಯೇ ಬಿಡಿ!’ ಅಷ್ಟು ಸಾಕು. ಬಾಯಿ ಸವೆದು ಹೋಗುತ್ತಾ?”

“ಬೇಡ ಟ್ರೆವರ್.”

“ಎಲ್ಲಾ ವೇಷ ಹಾಕ್ತೀರಿ. ಹೆಂಗಸಾಗ್ತೀರಿ, ಹಸುವಿನ ಹಿಂದಿನ ಕಾಲಾಗಿ ಅಂದ್ರೆ ಅದೂ ಆಗ್ತೀರಿ. ನಿಮ್ಮದೇ ಪಾತ್ರ ಕೇಳಿದ್ರೆ ಮಾತ್ರ ಮಡಿ.” ಟ್ರೆವರ್ ಎಮ್ರಿಸ್‌ನ ಕಡೆ ತಿರುಗಿ ಇನ್ನೇನೋ ಹೇಳಿದ. ಬೆನ್ನು ಮಾತ್ರ ಕಾಣುತ್ತಿತ್ತು. ರೋಲಂಡ್ ಈ ಸಲ ನಗಲಿಲ್ಲ, ಕೆಮ್ಮಿದ. ಕೆಮ್ಮು ಒಳ್ಳೆಯದು, ಅದಕ್ಕೆ ಹೊತ್ತುಗೊತ್ತಿಲ್ಲ.

ಕೆಮ್ಮುವುದು, ಕೈವಸ್ತ್ರ ಹುಡುಕುವುದು, ‘ನೀನೇ ಹೇಳಪ್ಪ’ ಎಂದು ಮಾತನ್ನು ಎದುರಿನವನಿಗೇ ಒಪ್ಪಿಸುವುದು. ಇಂಥ ಉಪಾಯಗಳನ್ನೆಲ್ಲ ಅವನು ಎರಡು ಮೂರು ಚಳಿಗಾಲಗಳಲ್ಲಿ ಒಂದೊಂದಾಗಿ ಕಲಿತಿದ್ದ. ಮೊದಲು ಹೋದದ್ದು ಹಕ್ಕಿಗಳು. ಬೆಳಿಗ್ಗೆ ಕಿಟಕಿ ತೆಗೆದರೆ ಕಡಲಕ್ಕಿಗಳು ಕೊಕ್ಕು ತೆರೆಯುವುದು ಕಾಣುತ್ತಿತ್ತು, ಕೂಗು ಎಲ್ಲೋ ದೂರದ ಬೀದಿಯಿಂದ ಬಂದಂತಿತ್ತು. ಆಮೇಲೆ ಫೋನು. ಆಮೇಲೆ ಹೆಂಗಸರು ಹೇಳುವ ಕೊನೆಯ ಅಕ್ಷರಗಳು. ರಂಗದ ಮೇಲೆ ಎದುರಿನವರ ಗಂಟಲಿನ ಗೆಣ್ಣು ನೋಡಿ ಅವರ ಮಾತು ಮುಗಿಯಿತೆಂದು ತಿಳಿಯುತ್ತಿದ್ದ. ಪಿಯಾನೊ ಶುರುವಾದದ್ದು ಹಲಗೆಯ ಮೂಲಕ ಅಂಗಾಲಿಗೆ ಗೊತ್ತಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೋದರೆ ಇದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದರೆ ಅದು ಅವನಿಗಿಂತ ಮುಂಚೆ ಲಂಡನ್ನಿನ ಎಲ್ಲ ಕಂಪನಿಗಳ ಬಾಗಿಲು ತಟ್ಟುತ್ತದೆ. ಕಿವುಡ ನಟನನ್ನು ಯಾರು ಕರೆಯುತ್ತಾರೆ? ಆದರೆ ನಿಜವಾದ ಕಾರಣ ಅದಲ್ಲವೆಂದು ಅವನಿಗೆ ಗೊತ್ತಿತ್ತು. ಕೆಲಸ ಹೋದರೆ ಬರೆದುಕೊಂಡಾದರೂ ಬದುಕಬಹುದು. ಕಿವುಡ ಎಂಬ ಮಾತನ್ನು ಈ ಊರಿನಲ್ಲಿ, ಅಪ್ಪ ಹುಟ್ಟಿ ಸತ್ತ ಗ್ರಿಮ್ಸ್‌ಬಿಯಿಂದ ಒಂದು ಬಸ್ಸಿನಷ್ಟು ದೂರದ ಕ್ಲೀಥಾರ್ಪ್ಸ್‌ನಲ್ಲಿ, ತನ್ನ ಮೇಲೆ ಹೇರಿಸಿಕೊಳ್ಳುವುದೆಂದರೆ, ಅದು ಬೇರೆ.

ಮೇಲಾಗಿ ಇವತ್ತು ಐವಿ ಬರುತ್ತಿದ್ದಾಳೆ. ಬೆಳಿಗ್ಗೆ ಟಿಕೆಟ್ಟಿನ ಹುಡುಗಿ ಬಂದು ಹೇಳಿ ಹೋಗಿದ್ದಳು: “ನಿಮ್ಮ ಅಕ್ಕ ಫೋನ್ ಮಾಡಿದ್ರು. ಚರ್ಚಿನ ಹೆಂಗಸರ ಜೊತೆ ಬರ್ತಾರಂತೆ, ಮೂರನೇ ಸಾಲಲ್ಲಿ ಕೂರ್ತಾರಂತೆ.” ಮೂರನೇ ಸಾಲು. ಅವಳನ್ನು ಕೊನೆಯ ಸಲ ಕಂಡದ್ದು ಅಪ್ಪನ ಮಣ್ಣಿಗೆ ಬಂದಿದ್ದಾಗ. ಆಮೇಲೆ ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು, ಅದರಲ್ಲಿ ಅವಳ ಹೆಸರು ಬಿಟ್ಟರೆ ಇನ್ನೊಂದು ಅಕ್ಷರವಿಲ್ಲ. ಮಣ್ಣಿನ ದಿನ, ಎಲ್ಲರೂ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ, ಬಂದರಿನ ಒಬ್ಬ ಮುದುಕ ರೋಲಂಡನ ಕೈ ಕುಲುಕಿ “ಒಂದ್ಸಲ ಟಪ್ಪರ್ ನಗು ನಗಪ್ಪಾ, ಹೋದವನ ನೆನಪಿಗೆ” ಅಂದಿದ್ದ. ಐವಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದವಳು, ಇವನು ರೈಲಿಗೆ ಹೊರಡುವ ತನಕ ಹೊರಗೆ ಬರಲಿಲ್ಲ.

ಅಪ್ಪ ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಪುಡಿ ಮಾಡುವ ಯಂತ್ರದ ಪಕ್ಕ ನಿಂತು ಆಯುಷ್ಯ ಕಳೆದವನು. ಮೀನಿನ ದೋಣಿಗಳಿಗೆ ಹಗಲೂ ರಾತ್ರಿ ಮಂಜುಗಡ್ಡೆ ಬೇಕು; ಯಂತ್ರ ನಿಲ್ಲುವ ಹಾಗಿಲ್ಲ. ರೋಲಂಡ್‌ಗೆ ಬುದ್ಧಿ ಬರುವ ಹೊತ್ತಿಗೇ ಅಪ್ಪನ ಕಿವಿಯೊಳಗೆ ಆ ಯಂತ್ರ ಮನೆ ಮಾಡಿಕೊಂಡು ಉಳಿದ ಸದ್ದನ್ನೆಲ್ಲ ಹೊರಗೆ ಹಾಕಿತ್ತು. ಆದರೂ ಅಪ್ಪ ತನಗೆ ಕೇಳಿಸುವುದಿಲ್ಲ ಎಂದು ಯಾರಿಗೂ ಹೇಳಿದವನಲ್ಲ. ಊಟದ ಮೇಜಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ಅಮ್ಮನ ಮುಖ ನೋಡುವನು, ಆಮೇಲೆ ಐವಿಯ ಮುಖ. ಅವರು ನಕ್ಕರೆ, ಸ್ವಲ್ಪ ತಡೆದು, ತಾನೂ ಹ್ಹೆ ಹ್ಹೆ ಹ್ಹೆ ಎಂದು ಮೊಣಕಾಲು ತಟ್ಟಿಕೊಂಡು ನಕ್ಕು, “ಅದೂ ಸರಿಯೇ ಬಿಡು” ಅನ್ನುವನು. ಆ ಮಾತು ಎಲ್ಲದಕ್ಕೂ ಹೊಂದುತ್ತಿತ್ತು. ಹವೆ ಕೆಟ್ಟಿದೆ ಅಂದರೂ ಸರಿಯೇ, ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ ಅಂದರೂ ಸರಿಯೇ. ಹತ್ತು ವರ್ಷದ ರೋಲಿ ಮೆಟ್ಟಿಲ ಮೇಲೆ ಕೂತು ಆ ಮುಖವನ್ನು ನೋಡುತ್ತಿದ್ದ. ನಗು ಬರುವ ಮುಂಚಿನ ಆ ಖಾಲಿ ಗಳಿಗೆಯಲ್ಲಿ ಅಪ್ಪನ ಹುಬ್ಬು ಹೇಗೆ ಏರಿ ನಿಲ್ಲುತ್ತದೆ, ಬಾಯಿ ಹೇಗೆ ಅರ್ಧ ತೆರೆದು ಕಾಯುತ್ತದೆ. ಪ್ರೀತಿಯಿಂದ ನೋಡುತ್ತಿದ್ದನೇ? ಪ್ರೀತಿಯಿಂದಲೇ ಇರಬೇಕು. ಪ್ರೀತಿಯಿಲ್ಲದೆ ಅಷ್ಟು ಸೂಕ್ಷ್ಮವಾಗಿ ನೋಡಲಾಗುವುದಿಲ್ಲ ಎಂದು ಅವನು ಒಮ್ಮೆ ಪತ್ರಿಕೆಯವರಿಗೆ ಹೇಳಿದ್ದ. ಹೇಳಿ ಮನೆಗೆ ಬಂದ ಮೇಲೆ, ಕಳ್ಳನೂ ಸೂಕ್ಷ್ಮವಾಗಿಯೇ ನೋಡುತ್ತಾನೆ ಅನ್ನಿಸಿತ್ತು.

ಪೌಡರು ಹಚ್ಚಿಕೊಳ್ಳುತ್ತ ಅವನಿಗೆ ಲಿಂಕನ್ನಿನ ಹಳೆಯ ಥಿಯೇಟರಿನ ವಾಸನೆ ಬಂತು. ಅಲ್ಲಿ ವಾರಕ್ಕೊಂದು ಹೊಸ ನಾಟಕ. ಈ ವಾರ ಪಾದ್ರಿ, ಮುಂದಿನ ವಾರ ಕೊಲೆಗಾರ, ಅದರ ಮುಂದಿನ ವಾರ ಹುಚ್ಚು ಹಿಡಿದ ರಾಜ; ಹಗಲು ಮುಂದಿನ ವಾರದ ಮಾತು ಬಾಯಿಪಾಠ, ಸಂಜೆ ಈ ವಾರದ ವೇಷ. ರೇಡಿಯೊದಲ್ಲಿ ಒಂದೇ ನಾಟಕದಲ್ಲಿ ಐದು ದನಿ ತೆಗೆದಿದ್ದ. ಅತ್ತೆ, ಅಳಿಯ, ಪೊಲೀಸು, ಗಿಳಿ, ಕೊನೆಗೆ ತೀರ್ಪು ಕೊಡುವ ಜಡ್ಜೂ ತಾನೇ. ‘ಮಂಬಿಗೆ ಬಾರದ ವೇಷವಿಲ್ಲ’ ಎಂದು ಬರೆದವರಿದ್ದರು. ಮಕ್ಕಳಿಗೆ ಕಥೆ ಬರೆದ, ಮೂರು ನಾಟಕ ಬರೆದ, ಮಂಜುಗಡ್ಡೆ ಕಾರ್ಖಾನೆಯ ಬಗ್ಗೆ ಒಂದು ಕಾದಂಬರಿ ಬರೆದ. ಅದರಲ್ಲಿ ಎಲ್ಲವೂ ಇತ್ತು, ಅಪ್ಪನೊಬ್ಬನನ್ನು ಬಿಟ್ಟು. ಬಹುಶಃ ಅದಕ್ಕೇ ಅದನ್ನು ಯಾರೂ ಓದಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ, ಹಾಳು ಮಳೆ ಹಿಡಿದು ಹೊರಗೆ ಹೋಗಲಾಗದೆ ಕೂತಿದ್ದಾಗ, ಕನ್ನಡಿಯ ಮುಂದೆ ಸುಮ್ಮನೆ ಹುಬ್ಬೇರಿಸಿ, ಬಾಯಿ ಅರ್ಧ ತೆರೆದು, ಸ್ವಲ್ಪ ತಡೆದು ನಕ್ಕು ನೋಡಿದ. ಟಪ್ಪರ್ ಹುಟ್ಟಿದ. ಪೆನ್ನು ಕಾಗದದ ಮೇಲೆ ತಾನೇ ಓಡಿತು. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಲೇ ಇಲ್ಲ. ಸುಖವೆನ್ನಿಸಿತ್ತು. ಮರೆಯಲಾಗದ್ದು ಅದೇ, ಆ ಸುಖ.

ಮುಂದಿನ ವರ್ಷ ಶುಕ್ರವಾರ ಸಂಜೆಯಾದರೆ ಇಡೀ ದೇಶ ಟಿವಿಯ ಮುಂದೆ ಕೂತು ಕಿವುಡು ಮುದುಕ ಟಪ್ಪರನನ್ನು ನೋಡಿ ನಗುತ್ತಿತ್ತು. ಶಾಲೆಯ ಮಕ್ಕಳು, ಬಸ್ ಕಂಡಕ್ಟರುಗಳು, ಪಾರ್ಲಿಮೆಂಟಿನವರು ಕೂಡ ‘ಅದೂ ಸರಿಯೇ ಬಿಡಿ’ ಅನ್ನತೊಡಗಿದ್ದರು. ಅಂಥ ಒಂದು ಶುಕ್ರವಾರ ರೋಲಂಡ್ ಮನೆಗೆ ಬಂದಿದ್ದ. ಅಮ್ಮ, ಐವಿ, ಅವಳ ಗಂಡ, ಪಕ್ಕದ ಮನೆಯವರು ಎಲ್ಲ ಆ ಸಣ್ಣ ಕೋಣೆಯಲ್ಲಿ ಒತ್ತಿಕೊಂಡು ಕೂತಿದ್ದರು. ಅಪ್ಪ ಬೆಂಕಿಗೂಡಿನ ಪಕ್ಕ ತನ್ನ ಕುರ್ಚಿಯಲ್ಲಿ. ತೆರೆಯ ಮೇಲೆ ಟಪ್ಪರ್ ಒಬ್ಬೊಬ್ಬರ ಮುಖ ನೋಡಿದ, ತಡೆದ, ನಕ್ಕ. ಕೋಣೆ ಹೋ ಎಂದಿತು. ಅಪ್ಪ ಅಮ್ಮನ ಮುಖ ನೋಡಿದ, ಐವಿಯ ಮುಖ ನೋಡಿದ, ಹುಬ್ಬೇರಿಸಿ ಬಾಯಿ ಅರ್ಧ ತೆರೆದು ಕಾದು, ಮೊಣಕಾಲು ತಟ್ಟಿಕೊಂಡು ನಕ್ಕ. ಒಂದು ನಗು ಪೆಟ್ಟಿಗೆಯೊಳಗೆ, ಒಂದು ಕುರ್ಚಿಯಲ್ಲಿ. ನೆರೆಯವನೊಬ್ಬ ಅದನ್ನೂ ಇದನ್ನೂ ನೋಡಿ ಚಹಾದ ಲೋಟ ಬಾಯಿಗೆ ಅಡ್ಡ ಹಿಡಿದುಕೊಂಡ. ಅಮ್ಮ ಕೆಟಲ್ ಇಡುತ್ತೇನೆಂದು ಎದ್ದು ಹೋದಳು. ರೋಲಂಡ್ ಗೋಡೆಯ ಕಾಗದದ ಮೇಲಿನ ಹೂ ನೋಡುತ್ತ ಕೂತ. ಆಗ ಅಪ್ಪ ಅವನ ಕಡೆ ಬಾಗಿ, ಕಿವುಡರ ದೊಡ್ಡ ದನಿಯಲ್ಲಿ ಕೇಳಿದ್ದ: “ಆ ಮುದುಕ ನೀನೇನಾ? ಗುರುತೇ ಸಿಗ್ಲಿಲ್ಲ ಕಣಯ್ಯಾ!” ಗುರುತು ಸಿಗಲಿಲ್ಲ ಅಂದನಲ್ಲ. ಹಾಗಾದರೆ ಗೊತ್ತಾಗಿಲ್ಲ. ಗೊತ್ತಾಗಿಲ್ಲ ಅಂದುಕೊಂಡೇ ಅವನು ಇಷ್ಟು ವರ್ಷ ತಿಂದಿದ್ದ, ಉಂಡಿದ್ದ, ಮಲಗಿದ್ದ.

ಎಮ್ರಿಸ್ ಅವನ ತೋಳು ಹಿಡಿದು ಎಬ್ಬಿಸಿದ. ಗಂಟೆ ಹೊಡೆದಿರಬೇಕು.

ನಾಟಕದ ಮೊದಲರ್ಧ ಎಂದಿನಂತೆ ಹೋಯಿತು. ಬೆಟ್ಟಿ ಲಂಗ ಎತ್ತಿಕೊಂಡು ಹಿಟ್ಟಿನ ಮಡಕೆಗೆ ಬಿದ್ದಳು, ರಾಜನ ಕಿರೀಟದಲ್ಲಿ ಮೊಟ್ಟೆ ಒಡೆದಳು. ಮಕ್ಕಳು ಕಿರಿಚುತ್ತಿದ್ದುದು ರೋಲಂಡನಿಗೆ ಬಾಗಿಲು ಹಾಕಿಕೊಂಡ ಮನೆಯೊಳಗಿಂದ ಕೇಳುವ ಕಡಲಿನ ಹಾಗೆ ಕೇಳಿಸುತ್ತಿತ್ತು. ಮೂರನೇ ಸಾಲಿನಲ್ಲಿ ಒಂದೇ ಬಗೆಯ ಉಣ್ಣೆ ಟೋಪಿಗಳು; ಅವುಗಳಲ್ಲಿ ಒಂದು ಟೋಪಿ ಮಾತ್ರ ಅಲುಗುತ್ತಿರಲಿಲ್ಲ. ಐವಿಯ ತುಟಿ ಇಷ್ಟು ದೂರಕ್ಕೆ ಕಾಣುವುದಿಲ್ಲ, ದೇವರು ದೊಡ್ಡವನು.

ಕೊನೆಗೆ, ಪರದೆ ಬದಲಿಸುವ ಹೊತ್ತಿಗೆ, ನಾಲ್ಕಾರು ಮಕ್ಕಳನ್ನು ಮೇಲೆ ಕರೆದು ಹೆಸರು ಕೇಳಿ, ಸಿಹಿ ಕೊಟ್ಟು, ಹಾಡಿಸುವುದು ಪದ್ಧತಿ. ರೋಲಂಡನಿಗೆ ಈಚೆಗೆ ಈ ಭಾಗವೇ ಎಲ್ಲಕ್ಕಿಂತ ಕಷ್ಟ. ಮಕ್ಕಳು ತುಟಿ ತೆರೆಯುವುದಿಲ್ಲ, ನೆಲ ನೋಡಿಕೊಂಡು ಮಾತಾಡುತ್ತವೆ. ಇಬ್ಬರು ಹುಡುಗರು ಸುಲಭವಾಗಿ ದಾಟಿದರು. ಮೂರನೆಯವಳು ನೀಲಿ ಕೋಟಿನ ಪುಟ್ಟ ಹುಡುಗಿ. ಹೆಸರು ಕೇಳಿದ. ಟಾನ್ಯಾ ಅಂದಳು, ಅದು ಕಂಡಿತು. “ಯಾರ ಜೊತೆ ಬಂದೆ ನನ್ನ ಬಂಗಾರಾ?” ಎಂದು ಬೆಟ್ಟಿಯ ದನಿಯಲ್ಲಿ ಕೇಳಿದ. ಹುಡುಗಿ ತಲೆ ತಗ್ಗಿಸಿ, ಕೋಟಿನ ಗುಂಡಿ ತಿರುಗಿಸುತ್ತ ಹೇಳತೊಡಗಿದಳು. ಉದ್ದದ ಉತ್ತರ. ಟೋಪಿಯ ಅಂಚಿನ ಕೆಳಗೆ ಗಲ್ಲ ಅಲುಗುವುದು ಮಾತ್ರ ಕಾಣುತ್ತಿತ್ತು. ಅವನು ಬಗ್ಗಿದ, ಟೋಪನ್ನಿನ ಗುಂಗುರು ಕಣ್ಣಿಗೆ ಬಿತ್ತು. ಗಲ್ಲ ನಿಂತಿತು. ಮುಗಿಯಿತೆಂದು ಗೊತ್ತಾಯಿತು, ಏನು ಮುಗಿಯಿತೆಂದು ಗೊತ್ತಾಗಲಿಲ್ಲ. ಪಕ್ಕದ ಹುಡುಗನ ಮುಖ ನೋಡಿದ, ಅಲ್ಲಿ ಏನೂ ಇರಲಿಲ್ಲ. ರಂಗದ ಪಕ್ಕದ ಪರದೆಯ ಮರೆಯಲ್ಲಿ ಎಮ್ರಿಸ್ ಕತ್ತಲಲ್ಲಿದ್ದ. ಹಾಲ್ ಸುಮ್ಮನಿದೆಯೋ, ಗಲಾಟೆ ಮಾಡುತ್ತಿದೆಯೋ? ಎಲ್ಲರೂ ತನಗಾಗಿ ಕಾಯುತ್ತಿದ್ದಾರೆ ಎಂಬುದಷ್ಟೇ ಬೆನ್ನಿಗೆ ಬಿಸಿಯಾಗಿ ತಾಗಿತು. ಯೋಚಿಸಲು ಹೊತ್ತಿರಲಿಲ್ಲ. ಹುಬ್ಬು ತಾನೇ ಏರಿತು, ಬಾಯಿ ತಾನೇ ತೆರೆಯಿತು; ಹ್ಹೆ ಹ್ಹೆ ಹ್ಹೆ ಎಂದು ಮೊಣಕಾಲು ತಟ್ಟಿಕೊಂಡು ಅವನು ನಕ್ಕ. “ಅದೂ ಸರಿಯೇ ಬಿಡು!”

ಹಿಂದಿನ ಸಾಲುಗಳಲ್ಲಿ ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿದ್ದು ಕಂಡಿತು. ಎತ್ತಿದ ಕೈ ಅಲ್ಲೇ ನಿಂತಿತು. ಹುಡುಗಿ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಕೆಳತುಟಿ ಮೊದಲು ಅಗಲವಾಯಿತು, ಆಮೇಲೆ ನಡುಗಿತು. ಅಷ್ಟರಲ್ಲಿ ಅಂಗಾಲಿಗೆ ಪಿಯಾನೊ ಬಡಿಯಿತು. ಹಾಡಿನ ಸಮಯವಲ್ಲ, ಆದರೂ ಬಡಿಯಿತು.

ಪರದೆ ಬಿದ್ದದ್ದೇ ಟ್ರೆವರ್ ಅವನನ್ನು ಬಣ್ಣದ ಕೋಣೆಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿದ. ಸಿಟ್ಟಿನಲ್ಲಿ ಕಿರುಚುತ್ತಿದ್ದುದರಿಂದ ಎಲ್ಲ ಚೆನ್ನಾಗಿ ಕೇಳಿಸಿತು.

“ಆ ಮಗು ಏನಂತು, ನೀವೇನಂದ್ರಿ? ‘ಅಜ್ಜನ ಜೊತೆ ಬರ್ಬೇಕಿತ್ತು, ಅಜ್ಜ ಸತ್ಹೋದ್ರು, ಅದಕ್ಕೇ ಅಮ್ಮ ಬಂದ್ಲು’ ಅಂತು. ನೀವು ಹಲ್ಲು ಕಿಸಿದು ‘ಅದೂ ಸರಿಯೇ’ ಅಂತೀರಲ್ಲ! ಮನುಷ್ಯರಾ ನೀವು?”

ರೋಲಂಡ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಈಗ ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದದ್ದೂ ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

“ಟಪ್ಪರ್ ಬೇಕು ಅಂದಿದ್ದು ನೀವೇ ಅಲ್ವಾ?”

ಟ್ರೆವರ್ ಅವನನ್ನು ನೋಡಿದ ರೀತಿಯಲ್ಲಿ ಯಾರೂ ಅವನನ್ನು ಈವರೆಗೆ ನೋಡಿರಲಿಲ್ಲ, ಕೆಟ್ಟ ನಾಟಕಗಳ ಮರುದಿನವೂ. “ಜೋಕಿಗೋಸ್ಕರ ಮಾಡಿದ್ರಾ? ಬೇಕು ಅಂತಲೇ?” ಎಂದು ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋದ. ರೋಲಂಡ್ ಕೂತ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಟುಕ ಅನ್ನಿಸಿಕೊಂಡದ್ದು ತನಗೆ ಹಗುರವಾಗಿತ್ತಲ್ಲ ಎಂಬುದು ನಿಧಾನವಾಗಿ ತಿಳಿಯುತ್ತ ಬಂದ ಹಾಗೆ, ಅವನಿಗೆ ಮೈಮೇಲಿನ ಹತ್ತಿಯ ಎದೆ, ಐದು ಸುತ್ತಿನ ಲಂಗ, ಪಟ್ಟೆ ಕಾಲುಚೀಲ ಎಲ್ಲ ಹೇಸಿಗೆ ಹುಟ್ಟಿಸಿತು. ಲಂಗ ಕಿತ್ತೆಸೆದು, ಪ್ಯಾಂಟು ಏರಿಸಿ, ಮುಖಕ್ಕೆ ಕ್ರೀಮು ಬಳಿದು ಒಂದು ಕೆನ್ನೆ ಒರೆಸಿಕೊಳ್ಳುವಷ್ಟರಲ್ಲಿ ಕನ್ನಡಿಯಲ್ಲಿ ಉಣ್ಣೆ ಟೋಪಿ ಕಾಣಿಸಿತು. ಬಾಗಿಲು ತಟ್ಟಿದ್ದಳೋ ಏನೋ.

ಐವಿ ಬಹಳ ಸಣ್ಣಗಾಗಿದ್ದಳು. ಕೈಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು, ಅವನ ಎದುರಿಗೆ ಬಂದು, ಎಮ್ರಿಸ್‌ನ ಕುರ್ಚಿ ಎಳೆದುಕೊಂಡು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತಳೆಂಬುದು ಅವನಿಗೆ ಆಮೇಲೆ ಹೊಳೆಯಿತು. ಅಪ್ಪನ ಜೊತೆ ಮಾತಾಡುವಾಗ ಅವಳು ಕೂರುತ್ತಿದ್ದುದೇ ಹಾಗೆ.

“ಎಷ್ಟು ದಿನದಿಂದ?” ಅಂದಳು.

“ಏನು ಎಷ್ಟು ದಿನದಿಂದ?”

“ನನ್ನ ಹತ್ರ ನಾಟಕ ಆಡ್ಬೇಡ ಕಣೋ ರೋಲಿ. ಕಿವಿ.”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. “ಮೂರು ವರ್ಷ ಆಗಿರ್ಬೇಕು.”

“ಮೊದಲು ನನಗೆ ಮೈಯೆಲ್ಲಾ ಉರಿದು ಹೋಯ್ತು. ಅಪ್ಪನ್ನ ಮತ್ತೆ ಎತ್ಕೊಂಡು ಬಂದು ಜನರ ಮುಂದೆ ಕುಣಿಸ್ತಿದಾನಲ್ಲ ಪಾಪಿ ಅಂತ. ಎದ್ದು ಹೊರಟಿದ್ದೆ. ಆಮೇಲೆ ನಿನ್ನ ಕಣ್ಣು ನೋಡ್ದೆ. ಟಪ್ಪರ್ ಕಣ್ಣು ಅಷ್ಟು ಹೆದ್ರಿರ್ತಿರ್ಲಿಲ್ಲ. ಅಪ್ಪನ ಕಣ್ಣು ಹೆದ್ರಿರ್ತಿತ್ತು.”

“ಐವಿ, ಅಪ್ಪನಿಗೆ ಗೊತ್ತಾಗ್ಲಿಲ್ಲ ಅಲ್ವಾ? ನನ್ನ ಗುರುತೇ ಸಿಗ್ಲಿಲ್ಲ ಅಂದಿದ್ದ.”

ಅವಳು ಕೈಚೀಲದ ಬಾಯಿ ತೆರೆದು ಮುಚ್ಚಿದಳು. ಹೊರಗೆ ಪೀಠೋಪಕರಣ ಎಳೆಯುವ ಕಂಪನ ಗೋಡೆಗೆ ಬಂದು ಹೋಯಿತು.

“ಮೊದಲನೇ ವಾರವೇ ಗೊತ್ತಾಯ್ತು. ನೀನು ಲಂಡನ್ನಲ್ಲಿದ್ದೆ. ಪೂರ್ತಿ ನೋಡ್ದ. ಆಮೇಲೆ ಅಮ್ಮನ ಕಡೆ ತಿರುಗಿ, ‘ಅದು ನಾನು’ ಅಂದ. ಅಷ್ಟೇ. ಬಂದರಿನ ಕ್ಲಬ್ಬಿಗೆ ಹೋಗೋದು ಬಿಟ್ಟ, ಅಲ್ಲಿ ಇವನು ಕಾಲಿಟ್ರೆ ಸಾಕು ಹುಡುಗರು ತೊಡೆ ತಟ್ಕೊಂಡು ಶುರು ಮಾಡೋರು. ಇವನು ನಗೋದನ್ನೇ ಬಿಟ್ಬಿಟ್ಟ. ಯಾರಾದ್ರೂ ತಮಾಷೆ ಮಾತು ತೆಗೆದ್ರೆ ಎದ್ದು ಹೋಗಿ ಬೆಂಕಿ ಕೆದಕೋನು.”

“ನಾನು ಬಂದಾಗ ನಕ್ಕನಲ್ಲ. ಎಲ್ಲರ ಮುಂದೆ. ನಾನೇ ನೋಡಿದೀನಿ.”

“ನೀನು ಬರೋ ದಿನ ಬೆಳಿಗ್ಗೆ ನಾನು ಹೋಗಿದ್ದೆ, ಅಮ್ಮನಿಗೆ ಕಡುಬು ಮಾಡಿಕೊಡೋಕೆ. ಅಪ್ಪ ಹಿತ್ತಲ ಕನ್ನಡಿ ಮುಂದೆ ಗಡ್ಡ ಹೆರ್ಕೊಳ್ತಿದ್ದ. ಸೋಪು ಹಚ್ಕೊಂಡ ಮುಖದಲ್ಲೇ ನಕ್ಕು ನೋಡ್ಕೊಳ್ತಿದ್ದ. ಒಂದ್ಸಲ ನಕ್ಕ, ಸರಿ ಹೋಗ್ಲಿಲ್ಲ. ಇನ್ನೊಂದ್ಸಲ ನಕ್ಕ. ಏನಪ್ಪಾ ಇದು ಅಂದೆ. ‘ಅಭ್ಯಾಸ ತಪ್ಪಿದೆ’ ಅಂದ. ‘ಹುಡುಗನಿಗೆ ಗೊತ್ತಾಗ್ಬಾರ್ದು. ಹೆಸರು ಮಾಡಿದಾನೆ, ಖುಷಿಯಾಗಿದಾನೆ’ ಅಂದ.”

ರೋಲಂಡ್ ಅವಳ ತುಟಿ ನೋಡುತ್ತಲೇ ಇದ್ದ. ಮಾತು ನಿಂತ ಮೇಲೂ ನೋಡುತ್ತಿದ್ದ. ಆ ಕೋಣೆ, ಆ ಕುರ್ಚಿ, ಮೊಣಕಾಲು ತಟ್ಟಿದ ಕೈ, ‘ಗುರುತೇ ಸಿಗ್ಲಿಲ್ಲ ಕಣಯ್ಯಾ.’ ತಾನು ಗೋಡೆಯ ಹೂ ನೋಡುತ್ತ ಕೂತಿದ್ದಾಗ ಎರಡು ಮಾರು ದೂರದಲ್ಲಿ ಒಬ್ಬ ಮನುಷ್ಯ ತನ್ನ ಒಬ್ಬನೇ ಪ್ರೇಕ್ಷಕನಿಗಾಗಿ, ಗಾಯವಾದ ಜಾಗದಿಂದಲೇ ನಗು ತೆಗೆದು ಆಡಿದ್ದ. ಬಾರದ ವೇಷವಿಲ್ಲವೆಂದು ಹೆಸರಾದ ಮಗನಿಗೆ ಅದು ಆಟವೆಂದು ಸುಳಿವೂ ಸಿಕ್ಕಿರಲಿಲ್ಲ. ಅಳು ಬರಬಹುದೆಂದು ಅವನು ಕಾದ. ಅಳುವುದು ಹೇಗೆಂದು ಅವನ ಮುಖಕ್ಕೆ ನೂರು ಬಗೆ ಗೊತ್ತಿತ್ತು. ಯಾವುದೂ ಹತ್ತಿರ ಸುಳಿಯಲಿಲ್ಲ. ನೀರು ಬೇಕೆನ್ನಿಸಿತು, ಅಷ್ಟೇ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಅಪ್ಪ ಹೇಳ್ಬೇಡ ಅಂದಿದ್ದ. ನನಗೂ ನಿನ್ನ ಮೇಲೆ ಸಿಟ್ಟಿತ್ತು. ಎರಡೂ ಸೇರ್ಕೊಂಡ್ತು.” ಐವಿ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು, ಕ್ರೀಮಿಗೆ ಅದ್ದಿ, ಉಳಿದ ಕೆನ್ನೆಯನ್ನು ಒರಟಾಗಿ ಒರೆಸತೊಡಗಿದಳು. “ಸತ್ತೋನಿಗೆ ನೀನು ಮಾಡೋಕೆ ಏನೂ ಉಳಿದಿಲ್ಲ. ಆ ಹುಡುಗೀನೂ ಅವರಮ್ಮನ್ನೂ ಕೆಳಗೆ ಟೀ ಅಂಗಡೀಲಿ ಕೂರಿಸಿ ಬಂದಿದೀನಿ. ಹೊರಟು ಬಿಟ್ಟಿದ್ರು, ಬಸ್ ಸ್ಟಾಪಿನಿಂದ ಹಿಡ್ಕೊಂಡು ಬಂದೆ. ನಡಿ.”

“ಏನಂತ ಹೇಳ್ಲಿ?”

“ನೀನು ಬರೆಯೋನಲ್ವಾ? ನನ್ನ ಕೇಳ್ತೀಯಲ್ಲ.”

ಮೆಟ್ಟಿಲಿನ ಬುಡದಲ್ಲಿ ಟ್ರೆವರ್ ಪಿಯಾನೊದವನ ಜೊತೆ ಕೈ ಬೀಸಿ ಮಾತಾಡುತ್ತಿದ್ದ. ರೋಲಂಡ್ ಅವನ ಮುಂದೆ ನಿಂತ. “ಟ್ರೆವರ್, ನನಗೆ ಕಿವಿ ಕೇಳಿಸಲ್ಲ” ಅಂದ.

ಟ್ರೆವರ್ ಮಾತಿನ ಭರದಲ್ಲಿ ಅರ್ಧ ತಿರುಗಿ, “ಆಂ? ಏನಂದ್ರಿ?” ಅಂದ.

ಒಂದು ಸಲ ಹೇಳುವುದಕ್ಕೇ ಅವನು ಮೈಯಲ್ಲಿದ್ದುದನ್ನೆಲ್ಲ ಖರ್ಚು ಮಾಡಿದ್ದ. ಪಿಯಾನೊದವನು, ಟಿಕೆಟ್ಟಿನ ಹುಡುಗಿ, ಗಡ್ಡ ಕಿತ್ತುಕೊಳ್ಳುತ್ತ ಬಂದ ಎಮ್ರಿಸ್ ಎಲ್ಲರೂ ಈಗ ಅವನನ್ನೇ ನೋಡುತ್ತಿದ್ದರು. “ನನಗೆ ಕಿವಿ ಕೇಳಿಸಲ್ಲ,” ಎಂದು ಜೋರಾಗಿ ಹೇಳಿದ. “ಆ ಮಗು ಹೇಳಿದ್ದು ಒಂದಕ್ಷರ ಕೇಳಿಸ್ಲಿಲ್ಲ. ಕೇಳಿಸಿದ ಹಾಗೆ ನಟಿಸ್ದೆ. ಆಮೇಲೆ ನಿಮ್ಮ ಹತ್ರ ಸುಳ್ಳು ಹೇಳ್ದೆ. ಸಂಜೆ ಆಟಕ್ಕೆ ನಾನಿರ್ತೀನಿ, ಬೇಕು ಅಂದ್ರೆ. ಮಕ್ಕಳನ್ನ ಮಾತಾಡಿಸೋದು ಮಾತ್ರ ಎಮ್ರಿಸ್ ಮಾಡ್ಲಿ.”

ಟ್ರೆವರನ ಬಾಯಿ ತೆರೆದುಕೊಂಡಿತು. ಆಮೇಲೆ ಅವನು ಏನೋ ಉದ್ದಕ್ಕೆ ಹೇಳಿದ, ಬಹುಶಃ ಒಳ್ಳೆಯದನ್ನೇ, ಯಾಕೆಂದರೆ ತೋಳು ಹಿಡಿದುಕೊಂಡು ಹೇಳಿದ. ಆದರೆ ಮುಖ ಎಮ್ರಿಸ್‌ನ ಕಡೆಗಿತ್ತು. ಐವಿ ಇನ್ನೊಂದು ತೋಳು ಹಿಡಿದು ಎಳೆದಳು.

ಟೀ ಅಂಗಡಿಯ ಕಿಟಕಿಯ ಗಾಜು ಒಳಗಿನ ಉಸಿರಿಗೆ ಮಬ್ಬಾಗಿತ್ತು. ಟಾನ್ಯಾ ಜಾಮ್ ಮೆತ್ತಿದ ಬನ್ನನ್ನು ಚಮಚದಿಂದ ಕೊರೆಯುತ್ತಿದ್ದಳು. ಅವಳ ಅಮ್ಮ, ಇನ್ನೂ ಎಳೆಯ ಹೆಂಗಸು, ಕೋಟು ಬಿಚ್ಚದೆ ಕುರ್ಚಿಯ ತುದಿಗೆ ಕೂತಿದ್ದಳು. ಇವನನ್ನು ಕಂಡು ಏಳಲೂ ಇಲ್ಲ, ಕೂತೇ ಇರಲೂ ಇಲ್ಲ. ರೋಲಂಡ್ ಹುಡುಗಿಯ ಎದುರಿಗೆ ಕೂತ. ಟೋಪನ್ನಿಲ್ಲದ ಬೋಳುತಲೆಯ ಈ ಮನುಷ್ಯ ಯಾರೆಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನು ಬೆಟ್ಟಿ,” ಎಂದಳು, ಅಪರಾಧ ಹೊರಿಸುವವಳಂತೆ.

“ಹೌದು. ನಿನ್ನ ಹತ್ರ ತಪ್ಪಾಯ್ತು ಅಂತ ಹೇಳೋಕೆ ಬಂದೆ ಪುಟ್ಟಿ. ನನ್ನ ಕಿವಿ ಕೆಟ್ಟಿದೆ. ನೀನು ಅಜ್ಜನ ವಿಷಯ ಹೇಳಿದ್ದು ನನಗೆ ಕೇಳಿಸ್ಲಿಲ್ಲ.”

“ಕೇಳಿಸ್ದಿದ್ರೆ ಯಾಕೆ ನಕ್ಕೆ?”

ಅವಳ ಅಮ್ಮ ‘ಟಾನ್ಯಾ’ ಎಂದು ಮೊಣಕೈ ಮುಟ್ಟಿದಳು. ರೋಲಂಡ್ ಉತ್ತರ ಹುಡುಕಿದ. ಅವನು ಬರೆದ ಮಾತುಗಳೆಲ್ಲ, ಬಾಯಿಪಾಠ ಮಾಡಿದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು. “ಹೆದರಿಕೆ ಆಯ್ತು” ಅಂದ.

ಹುಡುಗಿ ಅದನ್ನು ಯೋಚಿಸಿ ನೋಡಿದಳು. ತೃಪ್ತಿಯಾಯಿತೋ ಇಲ್ಲವೋ, ಬನ್ನಿನ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡಳು. ಐವಿ ಚಹಾ ಬಗ್ಗಿಸಿದಳು. ಅಜ್ಜ ಏನು ಕೆಲಸ ಮಾಡ್ತಿದ್ರು, ಯಾವ ಬೀದಿ, ಹೋಗಿ ಎಷ್ಟು ದಿನವಾಯಿತು ಎಂದು ಅಮ್ಮನನ್ನು ವಿಚಾರಿಸತೊಡಗಿದಳು. ಮೀನಿನ ಹರಾಜುಕಟ್ಟೆಯಲ್ಲಿದ್ದರಂತೆ, ಮಗುವನ್ನು ಅವರೇ ಆಡಿಸಿ ಬೆಳೆಸಿದ್ದಂತೆ. ನಡುವೆ ಟಾನ್ಯಾ ಬಾಯಿ ಹಾಕಿದಳು. ಕಿಟಕಿಯ ಮಬ್ಬಿನ ಮೇಲೆ ಬೆರಳಿಂದ ಏನೋ ಬರೆಯುತ್ತ, ಮುಖ ಆಚೆ ತಿರುಗಿಸಿಕೊಂಡು ಅಜ್ಜನ ಬಗ್ಗೆ ಏನೋ ಹೇಳಿದಳು. ಅವಳ ಅಮ್ಮ ಮೊದಲ ಸಲ ನಕ್ಕಳು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಐವಿ ಕಪ್ಪು ಕೆಳಗಿಟ್ಟು ನಕ್ಕಳು. ಪಕ್ಕದ ಮೇಜಿನ ಮುದುಕನೂ ನಕ್ಕ.

ರೋಲಂಡನ ಹುಬ್ಬು ಏರತೊಡಗಿತ್ತು. ಅವನು ಅದನ್ನು ತಡೆದ. ಸುಲಭವಿರಲಿಲ್ಲ, ಒಂದು ಮನೆತನದ ಅಭ್ಯಾಸ ಅದು. “ಕೇಳಿಸ್ಲಿಲ್ಲ ಪುಟ್ಟಿ,” ಅಂದ. “ಇನ್ನೊಂದ್ಸಲ ಹೇಳ್ತೀಯಾ?”

ಟಾನ್ಯಾ ಅವನನ್ನು ನೋಡಿದಳು. ಚಮಚ ಕೆಳಗಿಟ್ಟು, ಕುರ್ಚಿಯ ಮೇಲೆ ಮಂಡಿಯೂರಿ, ಮೇಜಿನ ಮೇಲೆ ಬಾಗಿ, ಜಾಮ್ ಅಂಟಿದ ಎರಡೂ ಕೈಯಲ್ಲಿ ಅವನ ತಲೆಯನ್ನು ಹಿಡಿದು ತಿರುಗಿಸಿಕೊಂಡು, ಇಡೀ ಅಂಗಡಿ ತಿರುಗಿ ನೋಡುವಂತೆ ಅವನ ಕಿವಿಯೊಳಗೆ ಕೂಗಿದಳು:

“ಪಾದ್ರಿ ಮನೆಗೆ ಬಂದಾಗ, ನಮ್ಮಜ್ಜನ ಹಲ್ಲಿನ ಸೆಟ್ಟು, ಸೀನಿದ ಕೂಡಲೇ, ಪಾದ್ರಿಯ ಸೂಪಿಗೆ ಬಿತ್ತು!”

ಬೇರೆಯವರೆಲ್ಲ ಆಗಲೇ ನಕ್ಕು ಮುಗಿಸಿದ್ದರು. ರೋಲಂಡ್ ಒಬ್ಬನೇ ನಕ್ಕ, ಮುಖಕ್ಕೆ ಜಾಮ್ ಮೆತ್ತಿಕೊಂಡು, ಯಾರ ಮುಖವನ್ನೂ ನೋಡದೆ.